ಹೆದರಿಕೆ ಇಟ್ಕೊಂಡೇ ಹಾರಬಹುದು: ಮೊದಲ ಸಲ ಪ್ಯಾರಾಗ್ಲೈಡಿಂಗ್‌ಗೆ ಹೊರಟವರಿಗೆ

ಪ್ಯಾರಾಗ್ಲೈಡಿಂಗ್‌ನಲ್ಲಿ ಮೊದಲ ಸಲ ಹಾರುವವರಿಗೆ ಇರುವ ಕೆಲಸ ಎರಡೇ. ಹೊರಡುವಾಗ ಓಡಬೇಕು. ಇಳಿಯುವಾಗ ಎದ್ದು ನಿಲ್ಲಬೇಕು. ಉಳಿದದ್ದೆಲ್ಲ ಹಿಂದೆ ಕೂತ ಪೈಲಟ್ ನೋಡಿಕೊಳ್ಳುತ್ತಾರೆ. ಇಷ್ಟು ಹೇಳಿದರೆ ನನ್ನ ಅಂಗಡಿಗೆ ಬರುವ ಹೆಂಗಸರು ನಂಬುವುದಿಲ್ಲ. "ಅಷ್ಟೇ ಆಗಿದ್ರೆ ನೀವು ಹಾರಿದ ವಿಡಿಯೊದಲ್ಲಿ ನಿಮ್ಮ ಮುಖ ಯಾಕಕ್ಕಾ ಹಂಗಿತ್ತು?" ಅಂತ ಕೇಳುತ್ತಾರೆ.

ಮುಖ ಹಂಗೇ ಇತ್ತು, ನಿಜ. ನಾನು ದಾವಣಗೆರೆಯ ಚೌಕಿಪೇಟೆ ಹತ್ತಿರ ಬ್ಲೌಸು, ಚೂಡಿದಾರ ಹೊಲಿಯುವವಳು. ತವರು ಚಿತ್ರದುರ್ಗ. ಮಹಡಿ ಮೇಲೆ ಬಟ್ಟೆ ಒಣಹಾಕಲು ಹೋದರೂ ಅಂಚಿನ ಗೋಡೆಯಿಂದ ಮಾರು ದೂರ ನಿಲ್ಲುತ್ತಿದ್ದವಳು. ಅಣ್ಣನ ಮಗ ಹಿಮಾಚಲದ ಬೀರ್ ಅನ್ನುವ ಊರಿಗೆ ಕರೆದುಕೊಂಡು ಹೋದ. ಅಲ್ಲಿ ಹಾರಿದೆ, ಆಮೇಲೆ ಅದೇ ಚಟವಾಯಿತು. ಈಗ ಕೇಳುವವರು ಜಾಸ್ತಿ. ಪ್ರತಿಯೊಬ್ಬರಿಗೂ ಮಷೀನ್ ನಿಲ್ಲಿಸಿ ಹೇಳುವುದಕ್ಕಾಗುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಒಂದು ಗೊಂದಲ ಮೊದಲೇ ಬಿಡಿಸಿಬಿಡೋಣ. ಗೋವಾದ ಬೀಚಿನಲ್ಲಿ ದೋಣಿಗೆ ಹಗ್ಗ ಕಟ್ಟಿ ಎಳೆದು ಮೇಲೆತ್ತುತ್ತಾರಲ್ಲ, ಅದು ಪ್ಯಾರಾಸೇಲಿಂಗ್. ನಾನು ಹೇಳುತ್ತಿರುವುದು ಬೇರೆ. ಇದರಲ್ಲಿ ದೋಣಿ ಇಲ್ಲ, ಇಂಜಿನ್ ಇಲ್ಲ. ಗುಡ್ಡದ ಇಳಿಜಾರಿನಲ್ಲಿ ಬಟ್ಟೆಯ ರೆಕ್ಕೆ ಬಿಚ್ಚಿ, ಓಡಿ, ಹಾರುವುದು. ಹೊಸಬರು ಟ್ಯಾಂಡೆಮ್‌ನಲ್ಲಿ ಹಾರುತ್ತಾರೆ. ಅಂದರೆ ಒಂದೇ ರೆಕ್ಕೆಯ ಕೆಳಗೆ ಇಬ್ಬರು. ಮುಂದೆ ನೀವು, ಹಿಂದೆ ಪೈಲಟ್.

ಹೆದರಿಕೆಯಲ್ಲಿ ಎರಡು ಥರ

"ಹೆದರಿಕೆ ಹೋಗಲಿ, ಆಮೇಲೆ ಹಾರುತ್ತೇನೆ" ಅನ್ನುವವರು ಯಾವತ್ತೂ ಹಾರುವುದಿಲ್ಲ. ಅದು ಮೊದಲೇ ಹೋಗುವಂಥದ್ದಲ್ಲ. ಆದರೆ ಒಳಗಿರುವುದು ಯಾವ ಥರದ ಹೆದರಿಕೆ ಅಂತ ಬೇರೆ ಮಾಡಿಕೊಳ್ಳಬಹುದು.

ಒಂದು, ನಾವು ಕಿವಿಗೊಡಬೇಕಾದ ಹೆದರಿಕೆ. ಕಾಲಿನ ಬೆಲ್ಟ್ ಹಾಕಿದ್ದಾರಾ? ಗಾಳಿ ಜೋರಾಗಿದೆಯಾ? ಈ ಪೈಲಟ್ ಯಾಕೆ ಇಷ್ಟು ಅವಸರ ಮಾಡುತ್ತಿದ್ದಾನೆ? ಇವಕ್ಕೆ ಉತ್ತರ ಸಿಗುವ ತನಕ ಹೆಜ್ಜೆ ಎತ್ತಬಾರದು. ಇನ್ನೊಂದು ಮೈಯ ಹೆದರಿಕೆ. ಎದೆ ಡವಡವ, ಅಂಗೈ ಬೆವರು, ಮಂಡಿಯಲ್ಲಿ ನಡುಕ. ಇದಕ್ಕೆ ಉತ್ತರ ಬೇಕಿಲ್ಲ, ಇದನ್ನು ಹೊತ್ತುಕೊಂಡೇ ಓಡಬೇಕು. ಎಲ್ಲರೂ ಮಾಡುವುದು ಉಲ್ಟಾ: ಬೆಲ್ಟಿನ ಬಗ್ಗೆ ಕೇಳಲು ನಾಚಿಕೊಂಡು ಸುಮ್ಮನಿರುತ್ತಾರೆ, ಮಂಡಿ ನಡುಗಿತು ಅಂತ ವಾಪಸ್ ಬರುತ್ತಾರೆ.

ಒಂದು ಊರಿನಲ್ಲಿ ನಾನೂ ಹಾರದೆ ವಾಪಸ್ ಬಂದಿದ್ದೇನೆ. ಪೈಲಟ್ ಒಬ್ಬರನ್ನು ಇಳಿಸಿದ ತಕ್ಷಣ ಇನ್ನೊಬ್ಬರಿಗೆ ಬೆಲ್ಟ್ ಬಿಗಿಯುತ್ತಿದ್ದ. ಎದೆಯ ಬಕಲ್ ಹಾಕಿ, ಕಾಲಿನದು ಹಾಕುವ ಮೊದಲೇ ಫೋನಿನಲ್ಲಿ ಮಾತಿಗೆ ನಿಂತ. ಕೊಟ್ಟ ಅಡ್ವಾನ್ಸ್ ಅವರೇ ಇಟ್ಟುಕೊಂಡರು. ಇಟ್ಟುಕೊಳ್ಳಲಿ.

ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಪ್ರಯಾಣಿಕರು ಸತ್ತ ಸುದ್ದಿ ನಮ್ಮ ದೇಶದಲ್ಲೇ ಬಂದಿದೆ, ಬೆಲ್ಟ್ ಸರಿಯಾಗಿ ಹಾಕದೆ ಆದದ್ದೂ ಇದೆ. ಅದಕ್ಕೇ ಕಾಲಿನ ಎರಡು ಬೆಲ್ಟು, ಎದೆಯ ಬೆಲ್ಟು, ಭುಜದ ಹತ್ತಿರದ ಎರಡು ಲೋಹದ ಕೊಂಡಿ, ಹೆಲ್ಮೆಟ್ಟಿನ ಪಟ್ಟಿ, ಇಷ್ಟನ್ನೂ ನೀವೇ ಕೈಯಲ್ಲಿ ಮುಟ್ಟಿ ನೋಡಿ. ಪೈಲಟ್ ನಕ್ಕರೆ ನಗಲಿ. ರಿಸರ್ವ್ ಪ್ಯಾರಾಶೂಟ್ ಎಲ್ಲಿದೆ ಅಂತ ಕೇಳಿ, ತೋರಿಸಲಿ. ಹಿಮಾಚಲದಲ್ಲಾದರೆ ಟ್ಯಾಂಡೆಮ್ ಪೈಲಟ್‌ಗಳು ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಆ ಕಾರ್ಡ್ ಕೇಳುವುದು ಮರ್ಯಾದೆಗೇಡಲ್ಲ.

ಬಟ್ಟೆ, ದಾರ, ಹೊಲಿಗೆ

ನನ್ನ ಹೆದರಿಕೆ ಅರ್ಧ ಇಳಿದದ್ದು ರೆಕ್ಕೆಯನ್ನು ಕೈಯಲ್ಲಿ ಹಿಡಿದು ನೋಡಿದಾಗ. ಟೈಲರ್ ಬುದ್ಧಿ, ಬೇರೆ ಯಾರೂ ಹಾಗೆ ನೋಡುವುದಿಲ್ಲವೇನೋ.

ಅದು ರಿಪ್‌ಸ್ಟಾಪ್ ನೈಲಾನ್. ನೇಯ್ಗೆಯಲ್ಲಿ ಅಲ್ಲಲ್ಲಿ ದಪ್ಪ ಎಳೆ ಚೌಕಳಿಯಾಗಿ ಬರುತ್ತದೆ, ಒಂದು ಕಡೆ ಹರಿದರೂ ಹರಿದದ್ದು ಮುಂದಕ್ಕೆ ಓಡುವುದಿಲ್ಲ. ಇಬ್ಬರು ಹಾರುವ ರೆಕ್ಕೆ ಸುಮಾರು 40 ಚದರ ಮೀಟರ್. ಆರು ಸೀರೆ ಪಕ್ಕಪಕ್ಕ ಹಾಸಿದಷ್ಟು. ಅದೂ ಎರಡು ಪದರ, ಮೇಲೊಂದು, ಕೆಳಗೊಂದು. ನಡುವೆ ಅಡ್ಡಪಟ್ಟಿ ಹೊಲಿದು ಖಾನೆ ಖಾನೆ ಮಾಡಿರುತ್ತಾರೆ. ಮುಂದಿನ ಅಂಚು ತೆರೆದಿರುತ್ತದೆ. ಅಲ್ಲಿಂದ ಗಾಳಿ ನುಗ್ಗಿ ಒಳಗೆ ಒತ್ತಡ ಕಟ್ಟಿದಾಗ ಬಟ್ಟೆ ಗಟ್ಟಿಯಾಗಿ ರೆಕ್ಕೆಯ ಆಕಾರಕ್ಕೆ ನಿಲ್ಲುತ್ತದೆ. ಒಳಗೆ ಗಟ್ಟಿ ಚೌಕಟ್ಟಿಲ್ಲ.

ಕೆಳಗೆ ಇಳಿಬಿದ್ದ ದಾರ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಷ್ಟು ಸಣ್ಣ. ಆದರೆ ಅವು ಕೆವ್ಲಾರ್, ಡೈನೀಮಾ ಥರದ ನಾರಿನವು. ಕೆಳಗಿನ ಮುಖ್ಯ ದಾರಗಳಲ್ಲಿ ಒಂದೊಂದೇ ಒಬ್ಬ ಮನುಷ್ಯನ ಭಾರಕ್ಕಿಂತ ಜಾಸ್ತಿ ತಡೆಯುತ್ತದೆ, ಅಂಥವು ಹಲವಾರು ಇರುತ್ತವೆ. ಯುರೋಪಿನ ಇಎನ್ ಪರೀಕ್ಷೆ ಪಾಸಾದ ರೆಕ್ಕೆಗೆ, ಅದು ಹೊರಬೇಕಾದ ಗರಿಷ್ಠ ತೂಕದ 8 ಪಟ್ಟು ಭಾರ ಹೇರಿ ನೋಡಿರುತ್ತಾರೆ. ದಾರ ಕೂಡುವ ಕಡೆಯ ಹೊಲಿಗೆಯನ್ನು ನಾನು ಉಗುರಿನಿಂದ ಕೆದಕಿ ನೋಡಿದೆ. ಪೈಲಟ್ ಹುಡುಗ "ಆಂಟೀಜೀ, ಕ್ಯಾ ಹುವಾ?" ಅಂದ. ಒಳ್ಳೆ ಹೊಲಿಗೆ ಅಂತ ಹೇಳುವಷ್ಟು ಹಿಂದಿ ನನಗೆ ಬರಲಿಲ್ಲ, ಹೆಬ್ಬೆರಳು ತೋರಿಸಿದೆ.

ನೀವು ಟೈಲರ್ ಆಗಿರದಿದ್ದರೂ ಒಂದು ನೋಡಬಹುದು. ಬಿಸಿಲು ನೈಲಾನಿನ ಶತ್ರು. ಬಣ್ಣ ಪೂರ್ತಿ ಮಾಸಿ, ಅಲ್ಲಲ್ಲಿ ತೇಪೆ ಹಾಕಿದ ರೆಕ್ಕೆ ಕಂಡರೆ ಎಷ್ಟು ಹಳೆಯದು, ಕೊನೆಯ ಸಲ ಯಾವಾಗ ಚೆಕ್ ಮಾಡಿಸಿದ್ದು ಅಂತ ಕೇಳಿ.

"ಗಾಳಿ ನಿಂತುಬಿಟ್ಟರೆ?"

ಇದು ಎಲ್ಲರ ಮೊದಲ ಪ್ರಶ್ನೆ, ಮತ್ತೆ ಎಲ್ಲಕ್ಕಿಂತ ಸುಲಭದ್ದು. ಗಾಳಿ ನಿಂತರೆ ಬೀಳುವುದಿಲ್ಲ. ರೆಕ್ಕೆ ತಾನೇ ಗಂಟೆಗೆ ಸುಮಾರು 36 ಕಿಲೋಮೀಟರ್ ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ, ತನಗೆ ಬೇಕಾದ ಗಾಳಿಯನ್ನು ಹಾಗೆ ತಾನೇ ಮಾಡಿಕೊಳ್ಳುತ್ತದೆ. ಗಾಳಿ ಅಲುಗದ ದಿನವೂ ಒಂದು ಮೀಟರ್ ಕೆಳಗಿಳಿಯುವಷ್ಟರಲ್ಲಿ ಎಂಟು ಮೀಟರಿನಷ್ಟು ಮುಂದೆ ಹೋಗಿರುತ್ತದೆ. ಬೀರ್‌ನಲ್ಲಿ ಹಾರುವ ಜಾಗ ಬಿಲ್ಲಿಂಗ್, ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್. ಇಳಿಯುವ ಮೈದಾನ ಅದಕ್ಕಿಂತ ಸುಮಾರು 900 ಮೀಟರ್ ಕೆಳಗೆ. ರೆಕ್ಕೆ ಸೆಕೆಂಡಿಗೆ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ ಅಂತ ಲೆಕ್ಕ ಹಾಕಿ. ಮೇಲೇಳುವ ಗಾಳಿ ಒಂದಿಷ್ಟೂ ಸಿಗದಿದ್ದರೂ ಹತ್ತು ಹದಿನೈದು ನಿಮಿಷ ಆಕಾಶದಲ್ಲಿರುತ್ತೀರಿ.

ಇಂಜಿನ್ ಇಲ್ಲದೆ ಇಳಿಯುವುದು ನಮ್ಮ ಚಿತ್ರದುರ್ಗ ಜಿಲ್ಲೆಗೆ ಹೊಸದೇನಲ್ಲ. ಚಳ್ಳಕೆರೆ ಕಡೆಯ ಡಿಆರ್‌ಡಿಒ ಪರೀಕ್ಷಾ ಕೇಂದ್ರದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದವರು ತಮ್ಮ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರಿನಲ್ಲಿ 4.5 ಕಿಲೋಮೀಟರ್ ಮೇಲೆ ಒಯ್ದು ಬಿಟ್ಟರು. ಅದು ಇಂಜಿನ್ ಇಲ್ಲದೆ, ಒಳಗೆ ಜನ ಇಲ್ಲದೆ ರನ್‌ವೇಗೆ ತಾನೇ ಬಂದು ಇಳಿಯಿತು. ನಿಮಗೆ ಪೈಲಟ್ ಬೇರೆ ಇದ್ದಾರೆ.

ನಿಜವಾಗಿ ಹೆದರಬೇಕಾದದ್ದು ಗಾಳಿ ಜಾಸ್ತಿಯಾದರೆ. "ಜೋಗಿಮಟ್ಟಿಯಲ್ಲಿ ಅಷ್ಟು ಗಾಳಿ ಇದೆಯಲ್ಲ, ಗಾಳಿಯಂತ್ರದ ಫ್ಯಾನ್ ನೆಟ್ಟಿದ್ದಾರಲ್ಲ, ಅಲ್ಲೇ ಯಾಕೆ ಹಾರಬಾರದು?" ಅಂತ ದುರ್ಗದಲ್ಲಿ ಎಲ್ಲರೂ ಕೇಳುತ್ತಾರೆ. ಜೋಗಿಮಟ್ಟಿ ವನ್ಯಜೀವಿ ಧಾಮ, ಅದು ಒಂದು. ಇನ್ನೊಂದು, ಗಾಳಿಯಂತ್ರಕ್ಕೆ ಬೇಕಾದ ಗಾಳಿ ನಮಗೆ ಆಗುವುದಿಲ್ಲ. ಆ ದೊಡ್ಡ ಫ್ಯಾನುಗಳು ಗಂಟೆಗೆ ಹನ್ನೆರಡು ಕಿಲೋಮೀಟರಿನ ಆಸುಪಾಸಿನ ಗಾಳಿಗೆ ಕರೆಂಟ್ ಕೊಡಲು ಶುರು ಮಾಡುತ್ತವೆ, ಪೂರ್ತಿ ಕೊಡಲು ನಲವತ್ತಕ್ಕಿಂತ ಜಾಸ್ತಿ ಬೇಕು. ನಲವತ್ತರ ಗಾಳಿಗೆ ಎದುರಾಗಿ ಮೂವತ್ತಾರರ ರೆಕ್ಕೆ ಹೋದರೆ ಏನಾಗುತ್ತದೆ? ಹಿಂದಕ್ಕೆ ಹೋಗುತ್ತದೆ. ಜೊತೆಗೆ ಫ್ಯಾನಿನ ಹಿಂಬದಿಯ ಗಾಳಿ ಸುಳಿಸುಳಿಯಾಗಿ ಕದಡಿರುತ್ತದೆ. ಹಾರಲು ಬೇಕಾದದ್ದು ಇಳಿಜಾರಿಗೆ ನೇರ ಎದುರಿಗೆ ಬರುವ, ಹದವಾದ, ಒಂದೇ ಸಮನೆ ಬೀಸುವ ಗಾಳಿ. ಬಿಟ್ಟು ಬಿಟ್ಟು ಬೀಸುವ ಗಾಳಿ ಇದ್ದರೆ ಒಳ್ಳೆಯ ಪೈಲಟ್ ರೆಕ್ಕೆ ಬಿಚ್ಚುವುದೇ ಇಲ್ಲ.

ಮೊದಲೇ ಊರಲ್ಲಿ ಮಾಡಿಕೊಳ್ಳಬಹುದಾದದ್ದು

ಎತ್ತರದ ಭಯಕ್ಕೆ ಚಿತ್ರದುರ್ಗದ ಕೋಟೆಗಿಂತ ಒಳ್ಳೆಯ ಶಾಲೆ ಇಲ್ಲ. ಕೋತಿ ರಾಜ್ ಹತ್ತಿದ ಹಾಗೆ ಗೋಡೆ ಹತ್ತಬೇಕಿಲ್ಲ, ಅದು ಅವರಿಗೇ ಇರಲಿ. ಬಂಡೆಯಲ್ಲಿ ಕೊರೆದ ಸಣ್ಣ ಮೆಟ್ಟಿಲು ಹತ್ತಿ ಒಂದು ಬತೇರಿಯ ಮೇಲೆ ಹೋಗಿ, ಅಂಚಿನಿಂದ ನಿಮಗೆ ಸಮಾಧಾನ ಇರುವಷ್ಟು ದೂರದಲ್ಲಿ ಕೂತುಕೊಳ್ಳಿ. ಎದೆ ಬಡಿತ ತಾನಾಗಿ ಇಳಿಯುವ ತನಕ ಏಳಬೇಡಿ. ಹೆದರಿಕೆ ಜೋರಾಗಿದ್ದಾಗಲೇ ಎದ್ದು ಓಡಿಬಂದರೆ ಮುಂದಿನ ಸಲ ಅದು ಇನ್ನೂ ಜಾಸ್ತಿಯಾಗುತ್ತದೆ. ಇಳಿದ ಮೇಲೆ ಎದ್ದರೆ ಮೈ ಕಲಿಯುತ್ತದೆ. ಇನ್ನೊಂದು ವಾರ ಹೋಗಿ, ಒಂದು ಗೇಣು ಮುಂದೆ ಕೂತುಕೊಳ್ಳಿ.

ಅಲ್ಲಿ ಕೂತಾಗ ಹದ್ದುಗಳನ್ನು ನೋಡಿ. ಬಿಸಿಲೇರಿ ಬಂಡೆ ಕಾದ ಮೇಲೆ ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಮೇಲೇರುತ್ತವಲ್ಲ? ಕಾದ ನೆಲದಿಂದ ಬಿಸಿ ಗಾಳಿ ಕಂಬದ ಹಾಗೆ ಏಳುತ್ತದೆ, ಅದನ್ನು ಥರ್ಮಲ್ ಅನ್ನುತ್ತಾರೆ. ಪೈಲಟ್‌ಗಳು ಹುಡುಕುವುದೂ ಅದನ್ನೇ, ಎಷ್ಟೋ ಸಲ ಹದ್ದನ್ನು ನೋಡಿಯೇ ಹುಡುಕುತ್ತಾರೆ. ನಡುಮಧ್ಯಾಹ್ನ ಈ ಥರ್ಮಲ್ ಜೋರಾಗಿ ಕುಲುಕಾಟ ಇರುತ್ತದೆ. ಮೊದಲ ಸಲದವರು ಬೆಳಗ್ಗೆ ಅಥವಾ ಸಂಜೆಯ ಮೆತ್ತನೆ ಗಾಳಿಯ ಹೊತ್ತು ಕೇಳಿ ಪಡೆಯಿರಿ.

ಓಟ ಕೂಡ ಅಭ್ಯಾಸ ಬೇಕು. ಯಾರೂ ಹೇಳದ ಮಾತು ಇದು. ಇಳಿಜಾರಿನಲ್ಲಿ ಕೆಳಮುಖವಾಗಿ ಓಡಿ ಎಷ್ಟು ವರ್ಷವಾಯಿತು ನಿಮಗೆ? ನಾನು ಕೊಂಡಜ್ಜಿ ಗುಡ್ಡದ ಕಡೆ ಹೋಗಿ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಸಣ್ಣ ಇಳಿಜಾರಿನಲ್ಲಿ ಓಡುತ್ತಿದ್ದೆ. ಕುರಿ ಕಾಯುವ ಅಜ್ಜ ಒಬ್ಬರು "ಯಾಕವ್ವ, ಏನಾತು?" ಅಂತ ಗಾಬರಿಯಾಗಿ ಕೇಳಿದರು.

ಉಸಿರಾಟ ಸುಲಭ: ಒಳಗೆ ತೆಗೆದುಕೊಳ್ಳುವಾಗ ನಾಲ್ಕು ಎಣಿಸಿ, ಬಿಡುವಾಗ ಏಳೆಂಟು. ಬಿಡುವ ಉಸಿರು ಉದ್ದವಾದರೆ ಎದೆ ಬಡಿತ ನಿಧಾನವಾಗುತ್ತದೆ. ಆ ಹೊತ್ತಿಗೆ ಎಣಿಸಲು ನೆನಪಾಗದಿದ್ದರೆ ಹಾಡಿ. ಹಾಡುವವರು ಉಸಿರು ಹಿಡಿದುಕೊಳ್ಳುವುದಕ್ಕಾಗುವುದಿಲ್ಲ. ನಾನು ಗಟ್ಟಿಯಾಗಿ ಸೋಬಾನೆ ಪದ ಹೇಳಿದೆ.

ಹಾರುವ ದಿನ

ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಡಿ, ತುಂಬಿಸಿಕೊಂಡೂ ಹೋಗಬೇಡಿ. ಎರಡು ಬೆಣ್ಣೆ ದೋಸೆ ಹೊಡೆದು ಹಾರಿದರೆ ಮೇಲೆ ಸುತ್ತು ಹಾಕುವಾಗ ಅದು ವಾಪಸ್ ಬರುತ್ತದೆ. ಒಂದೆರಡು ಇಡ್ಲಿ, ಬಾಳೆಹಣ್ಣು ಸಾಕು. ಸೀರೆ, ದುಪಟ್ಟಾ, ಚಪ್ಪಲಿ ಬೇಡ. ಪ್ಯಾಂಟು, ಹಿಮ್ಮಡಿ ಹಿಡಿದುಕೊಳ್ಳುವ ಶೂ, ಒಂದು ಜಾಕೆಟ್. ಸಾವಿರ ಮೀಟರ್ ಮೇಲೆ ಹೋದರೆ ಆರು ಡಿಗ್ರಿಗಿಂತ ಜಾಸ್ತಿ ತಣ್ಣಗಿರುತ್ತದೆ, ಗಾಳಿಯ ಚಳಿ ಬೇರೆ. ಉದ್ದ ಕೂದಲು ಗಟ್ಟಿಯಾಗಿ ಹೆಣೆದುಕೊಳ್ಳಿ. ತೂಕ ಕೇಳಿದರೆ ನಿಜ ಹೇಳಿ. ಪ್ರತಿ ರೆಕ್ಕೆಗೂ ಇಷ್ಟರಿಂದ ಇಷ್ಟು ಕಿಲೋ ಅಂತ ಮಿತಿ ಇರುತ್ತದೆ. ಬಸುರಿಯರು ಹಾರಬಾರದು. ಹೃದಯದ ತೊಂದರೆ, ಮೂರ್ಛೆ ಕಾಯಿಲೆ, ಬೆನ್ನಿನ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಹೊರಡಬೇಡಿ.

ಈಗ ಮುಖ್ಯವಾದ ಹತ್ತು ಸೆಕೆಂಡ್. ನೀವು ಇಳಿಜಾರಿನಲ್ಲಿ ನಿಂತಿದ್ದೀರಿ, ಹಿಂದೆ ರೆಕ್ಕೆ ನೆಲದ ಮೇಲೆ ಹಾಸಿದೆ. ಪೈಲಟ್ "ದೌಡೋ" ಅನ್ನುತ್ತಾರೆ. ನೀವು ಒಂದೆರಡು ಹೆಜ್ಜೆ ಇಡುವಷ್ಟರಲ್ಲಿ ಯಾರೋ ಭುಜ ಹಿಡಿದು ಹಿಂದಕ್ಕೆ ಎಳೆದಂತಾಗುತ್ತದೆ. ಹೊಸಬರು ಇಲ್ಲೇ ನಿಂತುಬಿಡುವುದು, ಏನೋ ತಪ್ಪಾಯಿತು ಅಂತ. ಏನೂ ತಪ್ಪಾಗಿಲ್ಲ. ರೆಕ್ಕೆ ಗಾಳಿ ತುಂಬಿಕೊಂಡು ಮೇಲೇಳುತ್ತಿದೆ, ಅದರ ಎಳೆತ ಅದು. ಎದೆ ಮುಂದೆ ಬಾಗಿಸಿ, ನೆಲ ದೂಡಿ ದೂಡಿ ಓಡಿ. ರೆಕ್ಕೆ ತಲೆಯ ಮೇಲೆ ಬಂದ ತಕ್ಷಣ ಎಳೆತ ಕಮ್ಮಿಯಾಗುತ್ತದೆ, ಮೈ ಹಗುರಾಗುತ್ತದೆ. ಆಗಲೂ ಓಡಿ. ಕಾಲು ಗಾಳಿಯಲ್ಲಿ ಆಡುತ್ತಿದ್ದರೂ ಓಡಿ. ನೋಡುವವರು ನಗುತ್ತಾರೆ, ನಗಲಿ.

ಮಾಡಬಾರದ್ದು ಮೂರು. ಜಿಗಿಯಬಾರದು, ಜಿಗಿದರೆ ರೆಕ್ಕೆಯ ಮೇಲಿನ ಭಾರ ಒಮ್ಮೆ ತಪ್ಪಿ ವಾಪಸ್ ನೆಲಕ್ಕೆ ಕುಕ್ಕುತ್ತೀರಿ. ಪೈಲಟ್ ಹೇಳುವ ತನಕ ಕೂರಬಾರದು. ದಾರಗಳನ್ನಾಗಲಿ, ದಾರ ಬಂದು ಸೇರುವ ಪಟ್ಟಿಗಳನ್ನಾಗಲಿ ಹಿಡಿದು ಎಳೆಯಬಾರದು. ಕೈಗೆ ಕೆಲಸ ಬೇಕಾದರೆ ನಿಮ್ಮ ಎದೆಯ ಮೇಲಿನ ಬೆಲ್ಟ್ ಹಿಡಿದುಕೊಳ್ಳಿ.

ನೆಲ ಬಿಟ್ಟ ಮೇಲೆ ಆಗುವ ಆಶ್ಚರ್ಯ ಏನೆಂದರೆ, ಮಹಡಿಯ ಅಂಚಿನಲ್ಲಿ ಆಗುವ ಆ ಜೋಲಿ ಇಲ್ಲಿ ಆಗುವುದಿಲ್ಲ. ನನ್ನಂತೆ ಎತ್ತರಕ್ಕೆ ಹೆದರುವ ಎಷ್ಟೋ ಜನ ಇದನ್ನೇ ಹೇಳುತ್ತಾರೆ. ಮಹಡಿಯಲ್ಲಿ ಕಾಲ ಕೆಳಗಿನಿಂದ ನೆಲದ ತನಕ ಗೋಡೆ ಕಾಣುತ್ತದೆ, ಕಣ್ಣು ಅದರ ಗುಂಟ ಜಾರುತ್ತದೆ. ಇಲ್ಲಿ ಅಂಥ ಗೋಡೆಯೂ ಇಲ್ಲ, ಅಂಚೂ ಇಲ್ಲ. ಆದರೂ ಮೊದಲ ನಿಮಿಷ ನೇರ ಕೆಳಗೆ ನೋಡಬೇಡಿ, ದೂರದ ಬೆಟ್ಟ ನೋಡಿ. ಹೊಟ್ಟೆ ತೊಳೆಸಿದರೂ ಇದೇ ಮದ್ದು.

ಪೈಲಟ್ ಹತ್ತಿರ ಒಂದು ಸಣ್ಣ ಯಂತ್ರ ಪೀಂಪೀಂ ಅನ್ನುತ್ತಿರುತ್ತದೆ. ಅಪಾಯದ ಅಲಾರಾಂ ಅಲ್ಲ ಅದು. ಮೇಲೇರುತ್ತಿದ್ದೀರಿ ಅಂತ ಹೇಳುತ್ತಿದೆ, ಬೇಗ ಏರಿದಷ್ಟೂ ಬೇಗ ಬೇಗ ಕೂಗುತ್ತದೆ. ಥರ್ಮಲ್ ಒಳಗೆ ಹೋಗುವಾಗ ಒಂದು ದೂಡು, ಹೊರಗೆ ಬರುವಾಗ ಒಂದು ಕುಸಿತ ಇರುತ್ತದೆ. ಕೆಲವು ಹುಡುಗರು ಕೇಳದೆಯೇ ಗಿರಗಿರ ಸುತ್ತಿಸಿ ತಮಾಷೆ ನೋಡುತ್ತಾರೆ. ಬೇಡ ಅಂತ ನೆಲದ ಮೇಲೇ ಹೇಳಿ ಒಪ್ಪಿಸಿಕೊಳ್ಳಿ. ಹಿಂದಿ ಬರದವರು "ಗೋಲ್ ಗೋಲ್ ನಹೀಂ" ಅಂದರೆ ಸಾಕು, ನನ್ನ ಕೆಲಸ ಅಷ್ಟರಲ್ಲೇ ಆಯಿತು.

ಇಳಿಯುವುದು ಅಂದುಕೊಂಡದ್ದಕ್ಕಿಂತ ಮೆತ್ತಗೆ. ಪೈಲಟ್ ಗಾಳಿಗೆ ಎದುರಾಗಿ ಬಂದು, ಕೊನೆಯಲ್ಲಿ ಬ್ರೇಕಿನ ಹಿಡಿ ಎಳೆದು ವೇಗ ಇಳಿಸುತ್ತಾರೆ. ಎದ್ದು ನಿಂತುಕೊಳ್ಳಿ ಅಂದಾಗ ಸೀಟಿನಿಂದ ಮುಂದೆ ಜಾರಿ, ಮಂಡಿ ಸ್ವಲ್ಪ ಬಾಗಿಸಿ, ನೆಲ ಸಿಕ್ಕಾಗ ನಾಲ್ಕು ಹೆಜ್ಜೆ ಓಡಿ. ಕೆಲವರು ಕಾಲು ಮುಂದೆ ಎತ್ತಿ ಕೂತೇ ಜಾರಲು ಹೇಳುತ್ತಾರೆ. ಯಾವುದು ಅಂತ ಮೇಲೇ ಕೇಳಿಟ್ಟುಕೊಳ್ಳಿ, ನೆಲ ಹತ್ತಿರ ಬಂದಾಗ ಚರ್ಚೆ ಬೇಡ.

ಎಲ್ಲಿಗೆ, ಯಾವಾಗ

ಬೀರ್‌ನಲ್ಲಿ ಮಳೆಗಾಲ ಅಂತ ಜುಲೈ 15ರಿಂದ ಸೆಪ್ಟೆಂಬರ್ 15ರ ತನಕ ಹಾರಾಟ ಬಂದ್. ಅಕ್ಟೋಬರ್, ನವೆಂಬರ್ ಚೆನ್ನಾಗಿರುತ್ತದೆ. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ಪಿನ ಪಂದ್ಯ ನಡೆದ ಜಾಗ ಅದು, ಪೈಲಟ್‌ಗಳಿಗೆ ಬರವಿಲ್ಲ. ಅಷ್ಟು ದೂರ ಬೇಡ ಅನ್ನುವವರಿಗೆ ಮಹಾರಾಷ್ಟ್ರದ ಕಾಮ್‌ಶೇತ್ ಇದೆ. ನಮ್ಮೂರ ಪಕ್ಕದ 48ನೇ ನಂಬರಿನ ಹೈವೇಯಲ್ಲೇ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ದಾಟಿದರೆ ಅದು ಸಿಗುತ್ತದೆ. ಅಲ್ಲೂ ಮಳೆಗಾಲ ಬಿಟ್ಟು ಹೋಗಿ. ಎಲ್ಲಿಗೇ ಹೋದರೂ ಒಂದೆರಡು ದಿನ ಜಾಸ್ತಿ ಇಟ್ಟುಕೊಳ್ಳಿ. ಸಂಜೆಯ ರೈಲಿಗೆ ಟಿಕೆಟ್ ಮಾಡಿಸಿಕೊಂಡು ಬೆಳಗ್ಗೆ ಹಾರಲು ಹೋದವರು, ಗಾಳಿ ಸರಿಯಿಲ್ಲ ಅಂದರೂ ಪೈಲಟ್‌ನನ್ನು ಒತ್ತಾಯ ಮಾಡುವುದನ್ನು ನೋಡಿದ್ದೇನೆ. ಅದು ಬೇಡ.

ಒಂದು ಸಲ ಹಾರಿ, ನಾನೇ ನಡೆಸಬೇಕು ಅನ್ನಿಸಿದರೆ ಪಿ1, ಪಿ2 ಅಂತ ಕೋರ್ಸ್ ಇರುತ್ತವೆ. ಕಾಮ್‌ಶೇತ್‌ನಲ್ಲಿ ನಾನು ಶುರು ಮಾಡಿದ್ದು ಅದನ್ನೇ. ಮೊದಲು ಆಕಾಶ ಇಲ್ಲ, ಬರೀ ಮೈದಾನ. ರೆಕ್ಕೆ ಎತ್ತು, ತಲೆಯ ಮೇಲೆ ನಿಲ್ಲಿಸು, ಇಳಿಸು, ಮಡಚು. ಬೆವರು ಕಿತ್ತುಬರುತ್ತದೆ, ಭುಜ ನೋಯುತ್ತದೆ. ಆಮೇಲೆ ಸಣ್ಣ ಗುಡ್ಡ, ಕಿವಿಯಲ್ಲಿ ವಾಕಿಟಾಕಿ, ಕೆಳಗಿನಿಂದ ಗುರುಗಳ ದನಿ. ಮೈದಾನದ ಪಾಠ ಬಿಟ್ಟು ಮೊದಲ ದಿನವೇ ಒಬ್ಬರನ್ನೇ ಎತ್ತರದಿಂದ ಹಾರಿಸುತ್ತೇವೆ ಅನ್ನುವವರ ಹತ್ತಿರ ದುಡ್ಡು ಕಟ್ಟಬೇಡಿ.